ಚಾಮುಂಡಿ ಬೆಟ್ಟ ಹನ್ನೆರಡು ತಿಂಗಳೂ: ಯಾವ ಮಳೆಗೆ ಯಾವ ಹೊತ್ತು

ಎತ್ತರದ ಲೆಕ್ಕ ಹಾಕಿದರೆ ಚಾಮುಂಡಿ ಬೆಟ್ಟ ದೊಡ್ಡದೇನಲ್ಲ. ಮೈಸೂರು ಊರೇ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಬೆಟ್ಟದ ನೆತ್ತಿ ಸುಮಾರು 1,060. ಹತ್ತಬೇಕಾದ್ದು ಹೆಚ್ಚೆಂದರೆ 300 ಮೀಟರ್. ಆದರೂ ಭಾನುವಾರ ಬಂತೆಂದರೆ ಇನ್ನೂರನೇ ಮೆಟ್ಟಿಲಲ್ಲೇ ಏದುಸಿರು ಬಿಡುತ್ತ ಕೂತವರು ಸಾಲಾಗಿ ಸಿಗುತ್ತಾರೆ. ಸೋಮವಾರ ಅವರೇ ಆಫೀಸಿನ ಮಹಡಿ ಇಳಿಯುವಾಗ ಕಂಬಿ ಬಿಡುವುದಿಲ್ಲ. ಹೊತ್ತು ತಪ್ಪಿ ಬರುವುದು, ಮೊದಲ ಮೆಟ್ಟಿಲುಗಳನ್ನು ಓಡುವುದು, ಇಳಿಯುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು: ಕಷ್ಟವೆಲ್ಲ ಈ ಮೂರರಿಂದಲೇ. ಇದರಲ್ಲೂ ಹೊತ್ತಿನದೇ ದೊಡ್ಡ ಪಾಲು. ವರ್ಷದ ಯಾವ ತಿಂಗಳಲ್ಲಾದರೂ ಈ ಬೆಟ್ಟಕ್ಕೆ ಹೋಗಬಹುದು, ಆದರೆ ಯಾವ ಗಂಟೆಯಲ್ಲಾದರೂ ಹೋಗಬಹುದು ಎಂದಲ್ಲ.

ಮೊದಲು ಒಂದು ಮಾತು. ಇದು ಗೇಟು, ಟಿಕೆಟ್ಟು, ಬೆಂಚು ಇರುವ ಉದ್ಯಾನವಲ್ಲ. ಮೇಲೆ ದೇವಸ್ಥಾನವಿದೆ, ಅದರ ಸುತ್ತ ಜನ ವಾಸವಿರುವ ಊರಿದೆ, ಇಳಿಜಾರಿನ ತುಂಬ ಸುಮಾರು 1,500 ಎಕರೆಯ ಮೀಸಲು ಅರಣ್ಯವಿದೆ. ಮೆಟ್ಟಿಲ ಹಾದಿ ಮತ್ತು ಡಾಂಬರು ರಸ್ತೆ ಎಲ್ಲರದ್ದು. ಅವೆರಡನ್ನು ಬಿಟ್ಟು ಪೊದೆಯೊಳಗೆ ನುಗ್ಗುವುದು ಕಾನೂನಿನ ಪ್ರಕಾರವೂ ತಪ್ಪು, ಬುದ್ಧಿವಂತಿಕೆಯೂ ಅಲ್ಲ. ಇಲ್ಲಿ ಚಿರತೆಗಳಿವೆ. ರಾತ್ರಿ ರಸ್ತೆ ದಾಟುವ ಚಿರತೆಯ ವಿಡಿಯೊ ಊರಿನ ಮೊಬೈಲುಗಳಲ್ಲಿ ಆಗಾಗ ಸುತ್ತುತ್ತದೆ.

ಮೆಟ್ಟಿಲುಗಳ ವಿಚಾರಕ್ಕೆ ಬರೋಣ. ಹದಿನೇಳನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿದ ಹಾದಿ ಇದು. ಸಂಖ್ಯೆ 1,008 ಎಂದು ಹೇಳುವುದು ವಾಡಿಕೆ. ಎಣಿಸುತ್ತ ಹತ್ತಿದವರ ಲೆಕ್ಕ ಒಬ್ಬರದು ಇನ್ನೊಬ್ಬರದಕ್ಕೆ ಕೂಡುವುದಿಲ್ಲ, ಏಕೆಂದರೆ ಎಷ್ಟೋ ಕಡೆ ಮೆಟ್ಟಿಲು ಎಲ್ಲಿ ಮುಗಿದು ಹಾಸುಗಲ್ಲು ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ಕಾಲಿಗೆ ಮುಖ್ಯವಾದ್ದು ಸಂಖ್ಯೆಯಲ್ಲ, ಹಂಚಿಕೆ. ಪಾದದಿಂದ ಮೊದಲ ಮುನ್ನೂರು ಮೆಟ್ಟಿಲು ಕಡಿದು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಆಮೇಲೆ ಏರು ಸಡಿಲವಾಗುತ್ತದೆ. ಸುಮಾರು ಏಳುನೂರನೇ ಮೆಟ್ಟಿಲ ಹೊತ್ತಿಗೆ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿ ಸಿಗುತ್ತದೆ: ಎತ್ತರ ಸುಮಾರು 16 ಅಡಿ, ಉದ್ದ ಸುಮಾರು 25. ಅಲ್ಲಿಂದ ಮೇಲಿನ ಮುನ್ನೂರು ಮೆಟ್ಟಿಲು ಇಡೀ ಹಾದಿಯಲ್ಲೇ ಸಲೀಸು.

ಅಂದರೆ ಬೆಟ್ಟದ ಪರೀಕ್ಷೆ ಶುರುವಿನಲ್ಲೇ ಇದೆ. ಮೈ ಇನ್ನೂ ಬಿಸಿಯಾಗಿರುವುದಿಲ್ಲ, ಉತ್ಸಾಹ ಮಾತ್ರ ಉಕ್ಕುತ್ತಿರುತ್ತದೆ, ಜೊತೆಗಿರುವ ಹುಡುಗರು ಎರಡೆರಡು ಮೆಟ್ಟಿಲು ಹಾರುತ್ತಿರುತ್ತಾರೆ. ಅವರ ಹಿಂದೆ ಓಡಿದರೆ ಮುಗಿಯಿತು. ಪಾದದ ಬಳಿ ಸಮನೆಲದಲ್ಲಿ ಐದು ನಿಮಿಷ ಚುರುಕಾಗಿ ನಡೆಯಿರಿ. ಹತ್ತುವಾಗ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ನಿಧಾನಿಸಿ. ನೂರು ಮೆಟ್ಟಿಲಿಗೊಮ್ಮೆ ಒಂದು ನಿಮಿಷ ನಿಲ್ಲಿ. ಕೂರಬೇಡಿ, ಕೂತರೆ ತೊಡೆಯ ಸ್ನಾಯು ಬಿಗಿಯುತ್ತದೆ. ಇಡೀ ಅಂಗಾಲನ್ನು ಮೆಟ್ಟಿಲ ಮೇಲೆ ಊರಿ ಹಿಮ್ಮಡಿಯಿಂದ ಒತ್ತಿ ಮೇಲೇಳಿ. ಬೆರಳ ತುದಿಯಲ್ಲಿ ಹತ್ತಿದರೆ ಭಾರವೆಲ್ಲ ಮೀನಖಂಡಕ್ಕೆ ಬಿದ್ದು, ನಂದಿ ಸಿಗುವ ಮೊದಲೇ ಕಾಲು ಹಿಡಿದುಕೊಳ್ಳುತ್ತದೆ. ಹೊಸಬರಿಗೆ ಮೇಲೆ ಮುಟ್ಟಲು 45 ನಿಮಿಷದಿಂದ ಒಂದು ಗಂಟೆ ಧಾರಾಳ. ದಿನಾ ಹತ್ತುವವರು ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ, ಅವರನ್ನು ನೋಡಿ ಗಡಿಯಾರ ನೋಡಿಕೊಳ್ಳುವ ಅಗತ್ಯವಿಲ್ಲ.

ಇಳಿಯುವಾಗ ಉಸಿರಿಗೆ ಆರಾಮ, ಮಂಡಿಗೆ ಹಿಂಸೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಕೆಲಸ ಮಾಡಿದರೆ, ಇಳಿಯುವಾಗ ಅದು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನಲ್ಲಿ ಆಗ ಸೂಕ್ಷ್ಮ ಸೀಳು ಉಂಟಾಗುತ್ತದೆ. ನೋವು ಆ ದಿನ ಕಾಣದೆ ಮರುದಿನ, ಅದರ ಮರುದಿನ ಜೋರಾಗುವುದು ಅದಕ್ಕೇ. ಇದಕ್ಕೆ ಊರಿನ ಹಳಬರ ಉಪಾಯವೇ ಒಳ್ಳೆಯದು: ಮೆಟ್ಟಿಲಲ್ಲಿ ಹತ್ತಿ ಬಸ್ಸಿನಲ್ಲಿ ಇಳಿಯುವುದು. ಬೆಟ್ಟದಿಂದ ಸಿಟಿ ಬಸ್ ನಿಲ್ದಾಣಕ್ಕೆ 201ನೇ ನಂಬರಿನ ಬಸ್ಸಿದೆ. ಕರ್ನಾಟಕದ ಹೆಂಗಸರಿಗೆ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಎ.ಸಿ. ಬಸ್ಸಿಗೆ ಮಾತ್ರ ಕೊಡಬೇಕು. ಗಾಡಿಯನ್ನು ಪಾದದಲ್ಲಿ ನಿಲ್ಲಿಸಿ ಬಂದವರಿಗೆ ಈ ಉಪಾಯ ಕೂಡಿಬರುವುದಿಲ್ಲ, ಆದ್ದರಿಂದ ಮನೆಯಿಂದ ಹೊರಡುವಾಗಲೇ ಯೋಚಿಸಿ. ಇಳಿಯಲೇಬೇಕಾದರೆ ಮಂಡಿಯನ್ನು ತುಸು ಬಗ್ಗಿಸಿಕೊಂಡು, ಹೆಜ್ಜೆ ಚಿಕ್ಕದಾಗಿ ಇಟ್ಟು, ಎತ್ತರದ ಮೆಟ್ಟಿಲಲ್ಲಿ ಸ್ವಲ್ಪ ಅಡ್ಡ ತಿರುಗಿ ಇಳಿಯಿರಿ. ಕಾಲು ನಡುಗಲು ಶುರುವಾದರೆ ಅದು ನಿಲ್ಲುವ ತನಕ ನಿಂತುಕೊಳ್ಳಿ. ಬೀಳುವವರಲ್ಲಿ ಹೆಚ್ಚಿನವರು ಕೊನೆಯ ಮುನ್ನೂರರಲ್ಲಿ, ಅಂದರೆ ಹತ್ತುವಾಗ ಕಡಿದಾಗಿದ್ದ ಅದೇ ಜಾಗದಲ್ಲಿ, ದಣಿದ ಕಾಲಿನಲ್ಲಿ ಬೀಳುತ್ತಾರೆ.

ಮಂಡಿನೋವಿನವರು, ಅಜ್ಜ ಅಜ್ಜಿಯರು ಇಡೀ ಹಾದಿ ಹತ್ತಬೇಕೆಂಬ ಹಟ ಬೇಡ. ಕಾರಿನಲ್ಲೋ ಆಟೊದಲ್ಲೋ ನಂದಿಯ ತನಕ ಬಂದು ಅಲ್ಲಿಂದ ಮೇಲಿನ ಮೆಟ್ಟಿಲು ಮಾತ್ರ ಹತ್ತಿದರೆ ಬೆಟ್ಟ ಹತ್ತಿದ ಸಮಾಧಾನವೂ ಸಿಗುತ್ತದೆ, ಕಡಿದಾದ ಭಾಗವೂ ತಪ್ಪುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಹತ್ತುವುದು ಮಾತ್ರ ಬೇಡವೇ ಬೇಡ. ಸಕ್ಕರೆ ಇಳಿದು ತಲೆ ಸುತ್ತಿ, ಬೆವರು ಕಿತ್ತುಕೊಳ್ಳುತ್ತದೆ. ಒಂದು ಗಂಟೆ ಮೊದಲು ಎರಡು ಇಡ್ಲಿ ತಿಂದು, ಜೇಬಿನಲ್ಲಿ ಒಂದು ಅಚ್ಚು ಬೆಲ್ಲ ಇಟ್ಟುಕೊಂಡಿರಿ. ಎದೆ ಹಿಂಡಿದಂತಾದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ ಇನ್ನೊಂದು ಮೆಟ್ಟಿಲೂ ಹತ್ತಬಾರದು, ಇಳಿಯಲೂಬಾರದು. ಅಲ್ಲೇ ಕೂತು 108ಕ್ಕೆ ಕರೆ ಮಾಡಿ.

ಇನ್ನು ಕಾಲಮಾನ. ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರದ ಲೆಕ್ಕ ಈ ಬೆಟ್ಟಕ್ಕೆ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಮೈಸೂರಿನ ಮಳೆ ಮಲೆನಾಡಿನ ಹಾಗೆ ಜೂನ್ ಜುಲೈನಲ್ಲಿ ಸುರಿದು ಮುಗಿಯುವುದಿಲ್ಲ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಊರಿದು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅದರಲ್ಲೂ ಜೋರು ಮಳೆ ಬರುವುದು ಎರಡು ಕಂತಿನಲ್ಲಿ: ಏಪ್ರಿಲ್ ಕೊನೆಯಿಂದ ಮೇ ತನಕ ಭರಣಿ, ಕೃತ್ತಿಕೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತನಕ ಹಸ್ತ, ಚಿತ್ತೆ.

ಬೇಸಿಗೆಯಲ್ಲಿ, ಅಂದರೆ ಫೆಬ್ರುವರಿ ಕೊನೆಯಿಂದ ಮೇ ತನಕ, ಬೆಳಕು ಹರಿಯುತ್ತಿದ್ದಂತೆ ಪಾದದಲ್ಲಿರಬೇಕು. ಹೊತ್ತು ಹುಟ್ಟುವುದು ಆರು, ಆರೂವರೆಯ ಆಸುಪಾಸು. ಎಂಟರೊಳಗೆ ಮೇಲಿದ್ದರೆ ಸರಿ. ಹರಕೆ ಹೊತ್ತು ಬರಿಗಾಲಲ್ಲಿ ಹತ್ತುವವರಿಗೆ ಇದು ಇನ್ನೂ ಮುಖ್ಯ. ಕಲ್ಲು ಬಿಸಿಯಾಗುವುದು ನಿಧಾನ, ಆದರೆ ಒಮ್ಮೆ ಬಿಸಿಯಾದರೆ ಸಂಜೆ ತನಕ ಆರುವುದಿಲ್ಲ. ಹನ್ನೊಂದರ ಮೇಲೆ ಅಂಗಾಲು ಬೊಬ್ಬೆ ಬರುತ್ತದೆ. ನೀರು ಒಬ್ಬರಿಗೆ ಒಂದು ಲೀಟರ್, ಚಳಿಗಾಲದಲ್ಲಾದರೆ ಅರ್ಧ ಸಾಕು. ಮೇಲೆ ಮುಟ್ಟಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ಬಣ್ಣದ ತಂಪುಪಾನೀಯ ಬಾಯಾರಿಕೆಯನ್ನು ಹೆಚ್ಚಿಸುತ್ತದೆ ಅಷ್ಟೆ. ಈ ಕಾಲದಲ್ಲಿ ಹುಲ್ಲು ಪೂರ್ತಿ ಒಣಗಿ ನಿಂತಿರುತ್ತದೆ. ಬೀಡಿ ಸಿಗರೇಟಿನ ತುಂಡು ಒಂದು ಸಾಕು. ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡುವುದು ಸಮನೆಲದಲ್ಲಿ ಓಡುವುದಕ್ಕಿಂತ ಬಹಳ ವೇಗವಾಗಿ, ಏಕೆಂದರೆ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿಟ್ಟಿರುತ್ತದೆ. ಹೊಗೆ ಕಂಡರೆ ಮೇಲಕ್ಕೆ ಓಡಬೇಡಿ, ಡಾಂಬರು ರಸ್ತೆಗೆ ಸೇರಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೂರರ ಮೇಲೆ ಬೆಟ್ಟದ ಮೇಲಿರುವುದು ಒಳ್ಳೆಯದಲ್ಲ. ಬೆಳಿಗ್ಗೆ ಆಕಾಶ ನೀಲಿಯಾಗಿದ್ದರೂ ಮಧ್ಯಾಹ್ನದ ಬಿಸಿಗೆ ಮೋಡ ಗೋಪುರದಂತೆ ಎದ್ದು, ನಾಲ್ಕು ಐದಕ್ಕೆ ಗುಡುಗು, ಗಾಳಿ, ಮಳೆ ಒಟ್ಟಿಗೇ ಬರುತ್ತವೆ. ಸುತ್ತ ಬಯಲಿನ ನಡುವೆ ಎದ್ದು ನಿಂತ ಬೆಟ್ಟಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂವತ್ತು ಎಣಿಸಲು ಆಗದಿದ್ದರೆ ಸಿಡಿಲು ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ಕಟ್ಟಡದೊಳಗೋ, ಮುಚ್ಚಿದ ಕಾರಿನೊಳಗೋ, ಬಸ್ಸಿನೊಳಗೋ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ಒಂಟಿ ಮರದಡಿ ನಿಲ್ಲುವುದು, ಬೋಳುಬಂಡೆಯ ಮೇಲೆ ಕೊಡೆ ಹಿಡಿಯುವುದು ಎರಡೂ ಅಪಾಯ.

ಜೂನ್‌ನಿಂದ ಆಗಸ್ಟ್ ತನಕ ಮಳೆಗಿಂತ ಗಾಳಿಯದೇ ಕಾರುಬಾರು. ಜಿನುಗು ಮಳೆ, ಮೋಡ, ತಂಪು. ನಡೆಯುವವರಿಗೆ ಹಗಲಿನ ಯಾವ ಹೊತ್ತಾದರೂ ಸೈ ಎನ್ನಬಹುದಾದ ಕಾಲ ಇದೊಂದೇ. ಕೊಡೆ ಮಡಚಿಹೋಗುತ್ತದೆ, ಮಳೆಯಂಗಿ ತೊಡಿ. ಜಾರುವುದು ಮಾತ್ರ ಈ ಕಾಲದ ದೊಡ್ಡ ಕಾಟ. ಬೆಣಚುಕಲ್ಲು ತಾನಾಗಿ ಅಷ್ಟು ಜಾರುವುದಿಲ್ಲ. ಶತಮಾನಗಳ ಕಾಲ ಕಾಲ್ತುಳಿತಕ್ಕೆ ನಯವಾದ ಮೆಟ್ಟಿಲ ನಡುಭಾಗ, ನೆರಳಲ್ಲಿ ಕಟ್ಟಿದ ಪಾಚಿ, ಅದರ ಮೇಲೆ ಭಕ್ತರು ಪ್ರತಿ ಮೆಟ್ಟಿಲಿಗೂ ಹಚ್ಚಿದ ಅರಿಶಿನ ಕುಂಕುಮ. ಒದ್ದೆಯಾದ ಅರಿಶಿನ ಸಾಬೂನಿನ ಹಾಗೆ. ಮೆಟ್ಟಿಲ ಅಂಚಿನತ್ತ, ಕಲ್ಲು ಒರಟಾಗಿರುವ ಕಡೆ ಹೆಜ್ಜೆ ಇಡಿ. ಅಡಿ ಸವೆದ ಕ್ರೀಡಾ ಬೂಟಿಗಿಂತ ಹೊಸ ರಬ್ಬರಿನ ಸಾಧಾರಣ ಕ್ಯಾನ್ವಾಸ್ ಬೂಟು ವಾಸಿ. ಹವಾಯಿ ಚಪ್ಪಲಿ ಬೇಡ.

ಆಷಾಢದ ಶುಕ್ರವಾರಗಳು, ಅದೇ ಮಾಸದಲ್ಲಿ ಬರುವ ಅಮ್ಮನವರ ವರ್ಧಂತಿ, ಇವು ದರ್ಶನದ ದಿನಗಳು, ವಾಯುವಿಹಾರದ್ದಲ್ಲ. ಆ ದಿನಗಳಲ್ಲಿ ಖಾಸಗಿ ವಾಹನಗಳನ್ನು ಮೇಲೆ ಬಿಡದೆ ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಿಂದ ಬಸ್ ಓಡಿಸುವುದು ವಾಡಿಕೆ. ಮೆಟ್ಟಿಲ ಮೇಲೆ ನಡುರಾತ್ರಿಯಿಂದಲೇ ಜನ. ವ್ಯಾಯಾಮಕ್ಕೆಂದು ಬರುವವರು ಆ ಶುಕ್ರವಾರ ಬಿಟ್ಟು ಮಂಗಳವಾರವೋ ಬುಧವಾರವೋ ಬಂದರೆ ಹಾದಿಯೂ ಖಾಲಿ, ಹರಕೆಯವರಿಗೂ ಅಡ್ಡಿಯಿಲ್ಲ.

ಹಸ್ತ, ಚಿತ್ತೆಯ ಮಳೆಗೆ ಗೌರವ ಕೊಡಬೇಕು. 2021ರ ಅಕ್ಟೋಬರ್‌ನಲ್ಲಿ ನಂದಿಗೆ ಹೋಗುವ ರಸ್ತೆ ಕುಸಿದದ್ದು ಇದೇ ಮಳೆಯಲ್ಲಿ. ಅದಾದ ಮೇಲೆ ಅದೇ ಮಳೆಗಾಲದಲ್ಲಿ ಮತ್ತೆ ಕುಸಿದು ಅಲ್ಲಿ ವಾಹನ ಸಂಚಾರ ನಿಲ್ಲಿಸಬೇಕಾಯಿತು. ಬೆಟ್ಟದ ಕಲ್ಲು ಗಟ್ಟಿ. ಭೂವಿಜ್ಞಾನಿಗಳು ಚಾಮುಂಡಿ ಗ್ರಾನೈಟ್ ಎಂದೇ ಕರೆಯುವ ಈ ಶಿಲೆಗೆ ಸುಮಾರು 80 ಕೋಟಿ ವರ್ಷ. ಜಾರುವುದು ಆ ಕಲ್ಲಲ್ಲ, ಅದರ ಮೇಲೆ ಕೂತ ಮಣ್ಣು. ಇಳಿಜಾರಿನಲ್ಲಿ ರಸ್ತೆ ಮಾಡುವಾಗ ಒಳಬದಿ ಕಡಿದು ಹೊರಬದಿಗೆ ಮಣ್ಣು ತುಂಬುತ್ತಾರೆ. ದಿನಗಟ್ಟಲೆ ಮಳೆ ಹಿಡಿದರೆ ತುಂಬಿದ ಮಣ್ಣು ನೀರು ಕುಡಿದು ಭಾರವಾಗುತ್ತದೆ, ತಡೆಗೋಡೆಯ ಹಿಂದೆ ನಿಂತ ನೀರಿಗೆ ಹರಿದುಹೋಗಲು ದಾರಿ ಇಲ್ಲದಿದ್ದರೆ ಅದೇ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಆದ್ದರಿಂದ ಮಳೆಗಾಲದಲ್ಲಿ ರಸ್ತೆಯ ಹೊರ ಅಂಚಿನಲ್ಲಿ ಉದ್ದುದ್ದ ಬಿರುಕು ಕಂಡರೆ, ಗೋಡೆಯ ಬುಡದಿಂದ ಕೆಂಪು ನೀರು ಒಸರುತ್ತಿದ್ದರೆ, ಕಂಬಿ ವಾಲಿದ್ದರೆ ಆ ಅಂಚಿನಲ್ಲಿ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯಬೇಡಿ. ನಂದಿಯ ರಸ್ತೆ ತೆರೆದಿದೆಯೇ ಎಂದು ಹೊರಡುವ ಮುಂಚೆ ಕೇಳಿಕೊಳ್ಳುವುದು ಮೇಲು.

ಇದೇ ತಿಂಗಳುಗಳಲ್ಲಿ, ಮಳೆ ಬಿಟ್ಟ ಮರುದಿನ ಬೆಳಿಗ್ಗೆ, ನೋಟ ವರ್ಷದಲ್ಲೇ ಅತ್ಯಂತ ಸ್ವಚ್ಛ. ಗಾಳಿಯ ಧೂಳೆಲ್ಲ ತೊಳೆದುಹೋಗಿರುತ್ತದೆ. ಕೆಳಗೆ ರೇಸ್‌ಕೋರ್ಸಿನ ಹಸಿರು ವೃತ್ತ, ಕಾರಂಜಿಕೆರೆ, ಅರಮನೆ, ಬಿಳಿಯ ಲಲಿತಮಹಲ್, ಆಚೆ ಕುಕ್ಕರಹಳ್ಳಿಕೆರೆ ಒಂದೊಂದಾಗಿ ಗುರುತಿಸಬಹುದು. ಅರಮನೆಯ ದೀಪ ನೋಡಬೇಕೆನ್ನುವವರು ಭಾನುವಾರ ಅಥವಾ ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ರಸ್ತೆಬದಿಯ ವೀಕ್ಷಣಾ ಸ್ಥಳದಲ್ಲಿರಬೇಕು. ಮುಕ್ಕಾಲು ಗಂಟೆಯಲ್ಲಿ ಆರಿಸುತ್ತಾರೆ. ದಸರೆಯ ದಿನಗಳಲ್ಲಿ ದಿನವೂ ಬೆಳಗುತ್ತದೆ, ಆದರೆ ಆಗ ರಸ್ತೆ ತುಂಬ ಗಾಡಿ. ದೀಪ ನೋಡಲು ಬಸ್ಸಿನಲ್ಲೋ ಕಾರಿನಲ್ಲೋ ಹೋಗಿ, ಕತ್ತಲಲ್ಲಿ ಮೆಟ್ಟಿಲಿಳಿಯುವ ಯೋಚನೆ ಬೇಡ. ವಿಜಯದಶಮಿಯ ಕೆಲವು ದಿನಗಳ ನಂತರ ಬೆಟ್ಟದ ಮೇಲೆ ಅಮ್ಮನವರ ರಥೋತ್ಸವ, ಆಮೇಲೆ ದೇವಿಕೆರೆಯಲ್ಲಿ ತೆಪ್ಪೋತ್ಸವ, ಆಗಲೂ ಜನಸಂದಣಿ.

ಡಿಸೆಂಬರ್, ಜನವರಿಯಲ್ಲಿ ಹೊರಗಿನಿಂದ ಬಂದವರು ಮಾಡುವ ತಪ್ಪು ಬೇಸಿಗೆಯದರ ತದ್ವಿರುದ್ಧ: ತೀರಾ ಬೇಗ ಬರುತ್ತಾರೆ. ಜನವರಿಯಲ್ಲಿ ಹೊತ್ತು ಹುಟ್ಟುವುದು ಆರೂಮುಕ್ಕಾಲಿಗೆ. ಐದೂವರೆಗೆ ಬಂದು ಮೊಬೈಲಿನ ಬೆಳಕಲ್ಲಿ ಹತ್ತಿದರೆ ಚಿರತೆಯ ಓಡಾಟದ ಹೊತ್ತಿನಲ್ಲಿ ಕಾಡಿನ ನಡುವೆ ಇದ್ದಂತೆ, ಮೇಲೆ ಮುಟ್ಟಿದರೂ ಮಂಜಿನಲ್ಲಿ ಏನೂ ಕಾಣಿಸುವುದಿಲ್ಲ. ಏಳಕ್ಕೆ ಶುರು ಮಾಡಿ, ಎಂಟೂವರೆ ಒಂಬತ್ತಕ್ಕೆ ಮಂಜು ಕರಗಿ ಊರು ಕಾಣುತ್ತದೆ. ಎಳೆಬಿಸಿಲಿಗೆ ಹಾವುಗಳೂ ಕಲ್ಲಿನ ಮೇಲೆ ಮೈ ಕಾಯಿಸಲು ಬರುತ್ತವೆ. ಕೂರುವ ಮೊದಲು, ಕೈ ಊರುವ ಮೊದಲು ನೋಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲ್ಲಾಡದಂತೆ ಇಟ್ಟು, ನಡೆಸದೆ ಹೊತ್ತುಕೊಂಡೇ ರಸ್ತೆಗೆ ತಂದು ದೊಡ್ಡ ಆಸ್ಪತ್ರೆಗೆ ಸಾಗಿಸಿ.

ಚಿರತೆಯ ಬಗ್ಗೆ ಹೆದರಿಕೆ ಬೇಡ, ಎಚ್ಚರ ಸಾಕು. ಕತ್ತಲಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಬೇಡ. ಮಕ್ಕಳು ಗುಂಪಿನ ಮಧ್ಯೆ ಇರಲಿ, ಮಾತಾಡುತ್ತ ನಡೆಯಿರಿ. ಎದುರಾದರೆ ಓಡಬೇಡಿ, ಬಗ್ಗಬೇಡಿ, ಬೆನ್ನು ತೋರಿಸದೆ ಹಿಂದೆ ಸರಿಯಿರಿ. ದಿನನಿತ್ಯದ ನಿಜವಾದ ತಲೆನೋವು ಕೋತಿಗಳದು. ನಂದಿಯ ಬಳಿ, ದೇವಸ್ಥಾನದ ಸುತ್ತ ಅವು ಚೀಲದ ಸದ್ದಿನಿಂದಲೇ ಬಾಳೆಹಣ್ಣು ಪತ್ತೆ ಹಚ್ಚುತ್ತವೆ. ಹಣ್ಣುಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತೂಗಾಡಿಸದೆ ಬೆನ್ನಚೀಲದೊಳಗೆ ಹಾಕಿ ಜಿಪ್ ಎಳೆಯಿರಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದವರೇ ಕಚ್ಚಿಸಿಕೊಳ್ಳುವುದು. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ರಸ್ತೆಯಲ್ಲಿ ಬರುವವರಿಗೆ ತಾವರೆಕಟ್ಟೆಯ ಕಡೆಯಿಂದ, ಉತ್ತನಹಳ್ಳಿಯ ಕಡೆಯಿಂದ, ನಂಜನಗೂಡು ರಸ್ತೆಯ ಕಡೆಯಿಂದ ದಾರಿಗಳಿವೆ. ಮೇಲೆ ಬಹುಮಹಡಿ ಪಾರ್ಕಿಂಗ್ ಇದೆ. ಸೈಕಲ್ಲಿನವರು ಬೆಳಿಗ್ಗೆ ಬಸ್ಸಿನ ಓಡಾಟ ಹೆಚ್ಚುವ ಮೊದಲೇ ಹತ್ತಿ ಇಳಿಯುವುದು ಒಳ್ಳೆಯದು, ತಿರುವುಗಳಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕು. ಹಿಂದಿನ ಚಕ್ರಕ್ಕೆ 32 ಅಥವಾ 34 ಹಲ್ಲಿನ ದೊಡ್ಡ ಗೇರ್ ಇದ್ದರೆ ಕೂತೇ ಹತ್ತಬಹುದು. ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿದಿರಬೇಡಿ, ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಬಿಡಿ; ಮಳೆ ನಿಂತ ಮೇಲೆ ತಿರುವಿನ ಒಳಮೂಲೆಯಲ್ಲಿ ಮರಳು ಕೂತಿರುತ್ತದೆ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವ ಚಾಳಿ ನಮ್ಮೂರಲ್ಲಿ ಇನ್ನೂ ಇದೆ. ಕಾರಿನಲ್ಲಿ ಹಾಗೆ ಮಾಡಿದರೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗೂ ಭಾರವಾಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ತಡೆ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ; ಇಬ್ಬರು ಕೂತಿದ್ದರೆ ನಡುವೆ ಒಮ್ಮೆ ನಿಂತು ಬ್ರೇಕ್ ಆರಲು ಬಿಡಿ.

ಮೇಲೆ ಹೋದವರು ಚಾಮುಂಡೇಶ್ವರಿಯ ದರ್ಶನ ಮಾಡಿ, ಮಹಿಷಾಸುರನ ಜೊತೆ ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ. ಪಕ್ಕದಲ್ಲೇ ಇರುವ ಮಹಾಬಲೇಶ್ವರನ ಗುಡಿ ಅದಕ್ಕಿಂತ ಹಳೆಯದು, ಬೆಟ್ಟಕ್ಕೆ ಮೊದಲು ಹೆಸರು ಬಂದದ್ದೂ ಅವನಿಂದಲೇ. ಸಾಲು ಇಲ್ಲ, ಸದ್ದಿಲ್ಲ, ಬೆವರು ಆರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಮೇಲೆ ಇನ್ನೊಂದಿಲ್ಲ.

ಬೆಟ್ಟದ ದಾರಿ ಬಂದ್ ಆಗಿರುವ ದಿನ ಅಥವಾ ಚಿಕ್ಕ ಮಕ್ಕಳ ಜೊತೆ ಹೊರಟಾಗ ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟಕ್ಕೆ ಹೋಗಬಹುದು. ಲೋಕಪಾವನಿ ಕಾವೇರಿಗೆ ಸೇರುವ ಕಡೆ ಇರುವ ಈ ಬೆಟ್ಟಕ್ಕೆ ಮೆಟ್ಟಿಲು ಚಾಮುಂಡಿಯ ಅರ್ಧಕ್ಕೂ ಕಡಿಮೆ, ಮೇಲಿನ ತನಕ ರಸ್ತೆಯೂ ಇದೆ. ಪಾಂಡವಪುರದ ಕುಂತಿಬೆಟ್ಟ ಬೇರೆ ಜಾತಿಯದು: ಅಲ್ಲಿ ಮೆಟ್ಟಿಲಿಗಿಂತ ಬಂಡೆಯೇ ಹೆಚ್ಚು, ಕೈ ಊರಿ ಹತ್ತಬೇಕು, ಮಳೆ ಬಿದ್ದು ಒಣಗದ ದಿನ ಅದರ ತಂಟೆಗೆ ಹೋಗಬಾರದು. ಎರಡೂ ಕಡೆ ಚಾಮುಂಡಿ ಬೆಟ್ಟದಷ್ಟು ಅಂಗಡಿಗಳಿಲ್ಲ, ನೀರನ್ನು ಕೆಳಗಿನಿಂದಲೇ ತುಂಬಿಸಿಕೊಂಡು ಹೊರಡಿ.